ಮುಕ್ಕಾಲು ಗಂಟೆ ನಿಲ್ಲದ ಫಿಟ್ಸ್: ಕಾರಣವೇನು, ಮುಂದೇನು?

ಮೂಡಿಗೆರೆ ಬಳಿಯ ತೋಟದ ಮನೆಯಲ್ಲಿ ನಿಮ್ಮ 61 ವರ್ಷದ ತಂದೆಯವರಿಗೆ ಫಿಟ್ಸ್ ಬಂದು, ಮುಕ್ಕಾಲು ಗಂಟೆಯಾದರೂ ನಿಲ್ಲಲಿಲ್ಲವೆಂದೂ, ಈಗ ಅವರು ಹಾಸನದಲ್ಲಿ ಐಸಿಯುನಲ್ಲಿದ್ದಾರೆಂದೂ ಬರೆದಿದ್ದೀರಿ. ಮೂರು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಆಗಿತ್ತು, ಫಿಟ್ಸ್ ಮಾತ್ರೆ ಹದಿನೈದು ದಿನದಿಂದ ನಿಂತಿತ್ತು ಎಂಬ ನಿಮ್ಮ ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಇದೇ ಜಿಲ್ಲೆಯಲ್ಲಿ ಹಲವು ವರ್ಷ ತುರ್ತು ವಿಭಾಗದಲ್ಲಿ ಕೆಲಸ ಮಾಡಿದ ವೈದ್ಯನಾಗಿ ಬರೆಯುತ್ತಿದ್ದೇನೆ. ಅವರನ್ನು ಕಣ್ಣಾರೆ ನೋಡುತ್ತಿರುವ ವೈದ್ಯರ ಮಾತೇ ನಿಮಗೆ ಅಂತಿಮವಾಗಿರಲಿ.

ಸಾಮಾನ್ಯ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಮೈಯೆಲ್ಲ ಅದುರುವ ಫಿಟ್ಸ್ 5 ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಸಂಭವ ಕಡಿಮೆಯಾಗುತ್ತದೆ, 30 ನಿಮಿಷ ದಾಟಿದರೆ ನರಕೋಶಗಳಿಗೆ ಶಾಶ್ವತ ಹಾನಿಯಾಗಬಹುದು. ಮಿದುಳಿನ ಉದ್ರೇಕವನ್ನು ತಡೆಯುವ ಗ್ರಾಹಕಗಳು (ನರಕೋಶದ ಮೇಲೆ ಸಂದೇಶ ಹಿಡಿಯುವ ಅಣುಗಳು) ಫಿಟ್ಸ್ ಮುಂದುವರಿದಂತೆ ಕೋಶದ ಮೇಲ್ಮೈಯಿಂದ ಒಳಗೆ ಸರಿಯುತ್ತವೆ. ಫಿಟ್ಸ್ ನಿಲ್ಲಿಸಲು ಮೊದಲು ಕೊಡುವ ಲೊರಾಜೆಪಾಂ, ಮಿಡಜೋಲಾಂ ಔಷಧಗಳು ಕೆಲಸ ಮಾಡುವುದು ಈ ಗ್ರಾಹಕಗಳ ಮೇಲೆಯೇ ಆದ್ದರಿಂದ, ಹತ್ತನೇ ನಿಮಿಷದಲ್ಲಿ ಫಲ ಕೊಡುತ್ತಿದ್ದ ಇಂಜೆಕ್ಷನ್ ನಲವತ್ತನೇ ನಿಮಿಷದಲ್ಲಿ ಸೋಲಬಹುದು. ಆಗ ಫಿಟ್ಸ್‌ನ ಬೇರೆ ಔಷಧಗಳಾದ ಲೆವೆಟಿರಾಸಿಟಾಂ, ವಾಲ್‌ಪ್ರೊಯೇಟ್ ಅಥವಾ ಫಾಸ್‌ಫೆನಿಟಾಯಿನ್ ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ವೆಂಟಿಲೇಟರ್‌ನಲ್ಲಿಡುತ್ತಾರೆ.

ನಿಮ್ಮ ತಂದೆಯವರಲ್ಲಿ ಹಳೆಯ ಪಾರ್ಶ್ವವಾಯು ಮಿದುಳಿನಲ್ಲಿ ಉಳಿಸಿದ ಕಲೆ ಮೂಲವಾಗಿ, ಮಾತ್ರೆ ನಿಂತದ್ದು ಕಿಡಿಯಾಗಿರುವ ಸಾಧ್ಯತೆ ಹೆಚ್ಚು. ಆದರೂ ಸಕ್ಕರೆ ಅಥವಾ ಸೋಡಿಯಂ ಇಳಿದದ್ದು, ನಿತ್ಯ ಕುಡಿಯುವವರು ಮದ್ಯವನ್ನು ಥಟ್ಟನೆ ಬಿಟ್ಟದ್ದು, ಹೊಸ ಪಾರ್ಶ್ವವಾಯು, ಮಿದುಳಿನ ಸೋಂಕು, ಕ್ಷಯದ ಗಂಟು, ಗೆಡ್ಡೆ ಇವನ್ನೆಲ್ಲ ಪರೀಕ್ಷಿಸಿಯೇ ತೀರಬೇಕು. ಫಿಟ್ಸ್‌ಗೆ ಮುಂಚೆ ಜ್ವರವಿದ್ದರೆ, ಕಾಡಿನ ಅಂಚಿನಲ್ಲಿ ಓಡಾಡಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ; ಮಲೆನಾಡಿನಲ್ಲಿ ಕಾಣುವ ಮಂಗನ ಕಾಯಿಲೆಯೂ ಕೆಲವರಲ್ಲಿ ಮಿದುಳಿಗೆ ತಗಲುತ್ತದೆ.

ಇಂಥ ಸ್ಥಿತಿಯಲ್ಲಿ ಸುಮಾರು ಐವರಲ್ಲಿ ಒಬ್ಬರು ಉಳಿಯುವುದಿಲ್ಲವೆಂದು ಓದಿ ಹೆದರಿದ್ದೀರಿ. ಅದು ಎಲ್ಲ ಕಾರಣಗಳನ್ನೂ ಒಟ್ಟುಗೂಡಿಸಿದ ಅಂಕಿ. ಹೃದಯ ನಿಂತು ಮಿದುಳಿಗೆ ಆಮ್ಲಜನಕ ತಪ್ಪಿ ಬಂದ ಫಿಟ್ಸ್‌ನ ಫಲಿತಾಂಶ ಬಹಳ ಕೆಟ್ಟದ್ದು. ಮಾತ್ರೆ ತಪ್ಪಿದ್ದರಿಂದ ಬಂದದ್ದರಲ್ಲಿ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ವಯಸ್ಸು, ಫಿಟ್ಸ್ ನಡೆದ ಅವಧಿ, ಶ್ವಾಸಕೋಶಕ್ಕೆ ವಾಂತಿ ಹೋಗಿದೆಯೇ, ಸ್ನಾಯು ಜರ್ಜರಿತವಾಗಿ ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೇ ಎಂಬುವೂ ಲೆಕ್ಕಕ್ಕೆ ಬರುತ್ತವೆ. ಒಂದು ಕೈಕಾಲು ಸೋತಂತೆ ಕಂಡರೆ ಕೂಡಲೇ ಎದೆಗುಂದಬೇಡಿ, ಫಿಟ್ಸ್‌ನ ನಂತರದ ಅಂಥ ಬಲಹೀನತೆ ಒಂದೆರಡು ದಿನದಲ್ಲಿ ಕಳೆಯುವುದುಂಟು. ಆದರೆ ಅದುರುವುದು ನಿಂತು, ನಿದ್ದೆಯ ಔಷಧ ಇಳಿಸಿದ ಮೇಲೂ ಎಚ್ಚರವಾಗದಿದ್ದರೆ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ) ಮಾಡಿದ್ದಾರೆಯೇ ಎಂದು ಕೇಳಿ, ಏಕೆಂದರೆ ಮೈ ಅಲುಗದೆಯೂ ಮಿದುಳಿನೊಳಗೆ ಫಿಟ್ಸ್ ಸಾಗುತ್ತಿರಬಹುದು.

ನಿಮ್ಮ ಮನೆಯಿಂದ ಆಸ್ಪತ್ರೆ ಇಷ್ಟು ದೂರವಿರುವಾಗ, ಬಿಡುಗಡೆಯ ದಿನ ಮೂಗಿಗೆ ಹಾಕುವ ಮಿಡಜೋಲಾಂ ಸ್ಪ್ರೇಯನ್ನು ಬರೆಸಿಕೊಂಡು, ಎಷ್ಟು ಪ್ರಮಾಣ, ಯಾವಾಗ ಹಾಕಬೇಕೆಂದು ಮನೆಯ ಇಬ್ಬರಾದರೂ ಕಲಿತುಕೊಳ್ಳಿ. ಮತ್ತೆ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ; ಗಡಿಯಾರ ನೋಡಿ, ಮಗ್ಗುಲಾಗಿ ಮಲಗಿಸಿ, 5 ನಿಮಿಷವಾದರೆ ಸ್ಪ್ರೇ ಹಾಕಿ 108ಕ್ಕೆ ಕರೆ ಮಾಡಿ.