ಏಳು ವರ್ಷ ಬೇರೆ ಇದ್ದರೂ ವಿಚ್ಛೇದನದ ಅರ್ಜಿ ವಜಾ ಆದದ್ದೇಕೆ?

ನಿಮ್ಮ ವಿಚ್ಛೇದನದ ಅರ್ಜಿಯಲ್ಲಿ ‘ಏಳು ವರ್ಷದಿಂದ ಬೇರೆ ಇದ್ದೇವೆ, ಸಂಬಂಧ ಮುರಿದುಬಿದ್ದಿದೆ’ ಎಂಬುದನ್ನೇ ನೆಚ್ಚಿಕೊಂಡಿದ್ದೀರಿ. ವಜಾ ಆದದ್ದು ಬಹುಶಃ ಅದಕ್ಕೇ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ವಿಚ್ಛೇದನಕ್ಕೆ ಆಧಾರವೇ ಅಲ್ಲ. ಆ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ. 2023ರಲ್ಲಿ ಅದರ ಸಂವಿಧಾನ ಪೀಠ ಹೇಳಿದ್ದೂ ಅದನ್ನೇ. ನೇರ ಅಲ್ಲಿಗೇ ಅರ್ಜಿ ಹಾಕಲು ಬರುವುದಿಲ್ಲ.

ಮೊದಲು ತೀರ್ಪಿನ ದೃಢೀಕೃತ ಪ್ರತಿ ಪಡೆಯಿರಿ. ಕುಟುಂಬ ನ್ಯಾಯಾಲಯದ ತೀರ್ಪಾಗಿದ್ದರೆ ಹೈಕೋರ್ಟಿಗೆ ಮೇಲ್ಮನವಿಯನ್ನು 30 ದಿನದೊಳಗೆ ಹಾಕಿ. ತಡವಾಗಿದ್ದರೆ ವಿಳಂಬ ಮನ್ನಿಸುವ ಅರ್ಜಿ ಜೊತೆಗಿರಲಿ. ವಾದವನ್ನು ಅದೇ ವಿವಾಹ ಕಾಯ್ದೆಯ ಸೆಕ್ಷನ್ 13(1)(ia), ಅಂದರೆ ಕ್ರೌರ್ಯದ ಮೇಲೆ ಕಟ್ಟಿ. ‘ಕಿರುಕುಳ ಕೊಟ್ಟರು’ ಎಂದರೆ ಸಾಲದು. ಯಾವ ದಿನ, ಎಲ್ಲಿ, ಯಾರೆದುರು, ಏನಾಯಿತು ಎಂಬುದು ಬೇಕು. ವಾಟ್ಸಾಪ್ ಸಂದೇಶಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರ (ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ ಪತ್ರ) ಲಗತ್ತಿಸಿ, ಹಲವರು ಎಡವುವುದೇ ಇಲ್ಲಿ. ಇಷ್ಟು ಘಟನೆ ಸಾಕು ಎಂಬ ಅಳತೆಗೋಲಿಲ್ಲ, ಅದು ನ್ಯಾಯಾಧೀಶರ ವಿವೇಚನೆ. ನಡುವೆ ರಾಜಿಯಾಗಿ ಒಟ್ಟಿಗೆ ಬಾಳಿದ್ದರೆ ಹಳೆಯ ಘಟನೆಗಳನ್ನು ಕ್ಷಮಿಸಿದಂತೆ ಎಂಬ ಆಕ್ಷೇಪ ಬರುತ್ತದೆ, ರಾಜಿಯ ನಂತರದ ಘಟನೆಗಳನ್ನೂ ಬರೆಯಿರಿ.

ಬಿಟ್ಟುಹೋದವರು ನಿಮ್ಮ ಸಂಗಾತಿಯೇ ಆಗಿದ್ದರೆ, ಮೂಲ ಅರ್ಜಿಗೆ ಮುನ್ನ 2 ವರ್ಷ ತುಂಬಿತ್ತೇ ನೋಡಿ. ಹೀಗೆ ಬಿಟ್ಟುಹೋಗುವುದು, ಅಂದರೆ ಪರಿತ್ಯಾಗವೂ ಪ್ರತ್ಯೇಕ ಆಧಾರ. ಅವರು ಒಪ್ಪುವಂತಿದ್ದರೆ ಮಾತ್ರ ಇದೆಲ್ಲ ಬಿಟ್ಟು ಅದೇ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಅಡಿ ಪರಸ್ಪರ ಸಮ್ಮತಿಯ ಅರ್ಜಿ ಹಾಕಿ. ಅದರಲ್ಲಿರುವ 6 ತಿಂಗಳ ಕಾಯುವಿಕೆಯನ್ನೂ ಮನ್ನಾ ಮಾಡಲು ಕೇಳಬಹುದು.