ಗೊತ್ತಿಲ್ಲ ಅನ್ನಲು ಹೆದರಿದ ಶೀಲಾ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಶೀಲಾಗೆ 27 ವರ್ಷ. ಮಂಗಳೂರಿನ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕ್ರೈಸ್ತ ಕುಟುಂಬ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಬಂದಿಳಿದ ಊರು. ಮನೆಯಲ್ಲಿ ಸಂಜೆ ಪ್ರಾರ್ಥನೆ ತಪ್ಪಿದ್ದೇ ಇಲ್ಲ. ಈಗ ಬೆಂಗಳೂರಿನಲ್ಲಿ ಕೆಲಸ. ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಾಗ ಎರಡು ವಾರದಿಂದ ಸರಿಯಾಗಿ ನಿದ್ದೆ ಇರಲಿಲ್ಲ.

ಊಟದ ಹೊತ್ತಿನಲ್ಲಿ ದೇವರನ್ನು ನಂಬದ ಗೆಳೆಯನೊಬ್ಬ ಕೇಳಿದ್ದ: "ಸತ್ತ ಯೇಸು ಮೂರನೇ ದಿನ ಎದ್ದು ಬಂದ ಅಂತ ನಿಜವಾಗ್ಲೂ ನಂಬ್ತೀಯಾ?" ಶೀಲಾ ನಕ್ಕು ಸುಮ್ಮನಾದರು. ರಾತ್ರಿ ಎರಡು ಗಂಟೆವರೆಗೆ ವಾದದ ವಿಡಿಯೋಗಳನ್ನು ನೋಡಿ, ಮರುದಿನ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಅವನು ಕೇಳಿದ್ದು ಒಂದೇ ಮಾತು. "ನಿಮ್ಮಪ್ಪ ಐಸಿಯುನಲ್ಲಿದ್ದಾಗ ನೀನು ಪ್ರಾರ್ಥನೆ ಮಾಡಿದ್ದೆ ಅಲ್ವಾ?"

"ಬಾಯೇ ಬರಲಿಲ್ಲ ಮೇಡಂ. ಯೇಸು ಯಾರೋ ಗೊತ್ತಿಲ್ಲ ಅಂದ ಶಿಷ್ಯ ಪೇತ್ರನ ಹಾಗೆ ನಾನೂ ಅವರನ್ನು ಬಿಟ್ಟುಕೊಟ್ಟೆ" ಎಂದು ಅತ್ತರು.

ಅಳು ನಿಂತ ಮೇಲೆ ಕೇಳಿದೆ, "ಆ ಪ್ರಶ್ನೆ ಅವನದ್ದಾ, ನಿಮ್ಮದಾ?"

"ನನ್ನದೂ ಹೌದು."

ಅಪ್ಪ ತೀರಿಕೊಂಡು ಮೂರು ವರ್ಷ. ಆ ಪ್ರಶ್ನೆಯನ್ನು ಅಮ್ಮನ ಹತ್ತಿರವೂ, ಸಭಾಪಾಲಕರ (ಚರ್ಚಿನ ಪಾದ್ರಿಯ) ಹತ್ತಿರವೂ ಆಡಿರಲಿಲ್ಲ. ಎಷ್ಟು ವಿಡಿಯೋ ನೋಡಿದರೂ ಧೈರ್ಯ ಬಾರದ್ದು ಇದಕ್ಕೇ ಎಂದು ನನಗೆ ಅನ್ನಿಸಿತು.

ತಮ್ಮ ನಂಬಿಕೆಯ ಅನುಭವವನ್ನು ಬೇರೆಯವರಿಗೆ ಹೇಳುವುದಕ್ಕೆ ಚರ್ಚಿನಲ್ಲಿ 'ಸಾಕ್ಷಿ ಹೇಳುವುದು' ಅಂತಾರಲ್ಲ, ಅದನ್ನೇ ನೆನಪಿಸಿದೆ. ಸಾಕ್ಷಿಯವರು ಕಂಡದ್ದನ್ನು ಹೇಳಿದರೆ ಸಾಕು, ಕೇಸು ಗೆಲ್ಲಿಸುವ ಹೊರೆ ಅವರ ಮೇಲಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಬೈಬಲಿನ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ, ಕಾಯಿಲೆಯ ಮಗನನ್ನು ಯೇಸುವಿನ ಬಳಿ ತಂದ ತಂದೆ ನಂಬುತ್ತೇನೆ ಅನ್ನುತ್ತಲೇ ತನ್ನ ಅಪನಂಬಿಕೆಗೂ ಸಹಾಯ ಕೇಳಿದ. ಯೇಸು ಅವನನ್ನು ಬೈಯಲಿಲ್ಲ. ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎಂಬ ಪೇತ್ರನ ಮಾತು (1 ಪೇತ್ರ 3:15) ಶೀಲಾಗೆ ಬಾಯಿಪಾಠ. ಮೃದುವಾಗಿ, ಗೌರವದಿಂದ ಉತ್ತರಿಸಿ ಅಂತಲೂ ಅದು ಹೇಳುತ್ತದೆ. ಆ ಭಾಗ ಅವರಿಗೆ ಮರೆತೇ ಹೋಗಿತ್ತು! ಗೆಳೆಯ ಯಾಕೆ ನಂಬಲ್ಲ ಅನ್ನೋದನ್ನ ಮಧ್ಯೆ ಬಾಯಿ ಹಾಕದೆ ಕೇಳಿ, ಸಾಕು ಅಂದರೆ ಅಲ್ಲಿಗೇ ನಿಲ್ಲಿಸಿ ಎಂದೆ. ಪುನರುತ್ಥಾನದ ಬಗ್ಗೆ ಜಾಸ್ತಿ ತಿಳಿಯಬೇಕಿದ್ದರೆ ಸಭಾಪಾಲಕರ ಹತ್ತಿರ ಹೋಗಿ, ಅದು ನನ್ನ ಕೆಲಸವಲ್ಲ ಎಂದೂ ಹೇಳಿದೆ.

ಗೆಳೆಯನಿಗೆ ಹೇಳುವ ಹಾಗೆ ನನ್ನೆದುರೇ ಎರಡು ಸಲ ಮಾತಾಡಿಸಿ ನೋಡಿದೆ. ಮೊದಲ ಸಲ ಮತ್ತೆ ವಿಡಿಯೋದ ಮಾತುಗಳೇ ಬಂದವು. ಎರಡನೇ ಸಲ ಅವರ ದನಿ ಕೇಳಿಸಿತು.

ಶೀಲಾ ಮೊದಲು ಅಮ್ಮನಿಗೆ ಫೋನ್ ಮಾಡಿ ಆ ಪ್ರಶ್ನೆಯನ್ನು ಹೇಳಿಕೊಂಡರು. "ನನಗೂ ಹಾಗೇ ಅನ್ನಿಸಿತ್ತು ಮಗಾ" ಎಂದರಂತೆ ಅಮ್ಮ. ಆಮೇಲೆ ಗೆಳೆಯನಿಗೆ ಹೇಳಿದರು: "ಅಪ್ಪ ಯಾಕೆ ಉಳಿಯಲಿಲ್ಲ, ನನಗೆ ಗೊತ್ತಿಲ್ಲ. ಆದರೆ ಆ ರಾತ್ರಿ ಆಸ್ಪತ್ರೆಯಲ್ಲಿ ನಾನು ಒಬ್ಬಳೇ ಇದ್ದೇನೆ ಅಂತ ಅನ್ನಿಸಲಿಲ್ಲ."

ಅವನು ಒಪ್ಪಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತನ್ನ ಅಜ್ಜಿಯ ಕೊನೆಯ ದಿನಗಳ ಬಗ್ಗೆ ಹೇಳತೊಡಗಿದ. ಟೀ ಆರಿಹೋಗುವವರೆಗೆ ಶೀಲಾ ಕೇಳಿಸಿಕೊಂಡರು.