ಸಂಪಾದಕರ ಉತ್ತರ: ಲ್ಯಾಬ್‌ನಲ್ಲಿ ತಮಟೆ ಕೇಳಿದರೆ ತಪ್ಪೇನು?

ಮುಳಬಾಗಿಲಿನ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಮೂರು ಪ್ರಶ್ನೆಗಳನ್ನು ಅಂಕಿ ಹಾಕಿ ಬಿಡಿಸಿ ಬರೆದಿದ್ದೀರಿ. ಉಳಿದ ಓದುಗರಿಗೂ ವಿಷಯ ತಿಳಿಯಲಿ ಅಂತ ಮೊದಲು ಅದರ ಸಾರ ಹೇಳಿಬಿಡುತ್ತೇನೆ.

ಕಳೆದ ಸಂಚಿಕೆಯಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಯುವತಿಯೊಬ್ಬರು ತಮ್ಮ ದಿನಚರಿ ಬರೆದಿದ್ದರು. ಅವರು ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾರೆ. ಜನ ಆಡುವ ಕನ್ನಡವನ್ನು ಕೇಳಿಸಿಕೊಂಡು ಅಕ್ಷರದಲ್ಲಿ ಬರೆಯೋದನ್ನು ಕಂಪ್ಯೂಟರ್‌ಗೆ ಕಲಿಸುವುದು ಅವರ ಕೆಲಸ. ಬೆಳಗ್ಗೆ ಲ್ಯಾಬ್‌ಗೆ ಹೋಗುವ ಮುಂಚೆ ಒಂದು ಸಣ್ಣಕಥೆ, ಕೆಲಸದ ನಡುವೆ ಇಯರ್‌ಫೋನ್‌ನಲ್ಲಿ ಕರ್ನಾಟಕ ಸಂಗೀತ ಅಥವಾ ನಮ್ಮ ಕಡೆಯ ತಮಟೆ, ಶನಿವಾರ ರಾತ್ರಿ ಹಳೇ ಕನ್ನಡ ಸಿನಿಮಾ. ಇವುಗಳ ಬಗ್ಗೆ ಅವರು ಮನಸ್ಸಿಟ್ಟು ಬರೆದಿದ್ದರು.

ನಿಮ್ಮ ಆಕ್ಷೇಪ ಹೀಗಿದೆ. ಸರ್ಕಾರದ ಫೆಲೋಶಿಪ್ ತೆಗೆದುಕೊಂಡವರು ಕಥೆ, ಸಿನಿಮಾ ಅಂತ ಕೂತರೆ ಸಂಶೋಧನೆ ಮಾಡೋದು ಯಾವಾಗ? ನಾಲ್ಕು ಪುಟ ಬರೆದರೂ ಏನು ಕಂಡುಹಿಡಿದರು ಅಂತ ಯಾಕೆ ಹೇಳಲಿಲ್ಲ? ಸಂಗೀತಕ್ಕೂ ಲೆಕ್ಕಕ್ಕೂ ಏನು ಸಂಬಂಧ, ಅದರಲ್ಲೂ ತಮಟೆ ಬರೀ ಸದ್ದು ಅಲ್ವಾ? ಕೊನೆಯಲ್ಲಿ ಇನ್ನೊಂದು ಮಾತಿದೆ. ಸೆಕೆಂಡ್ ಪಿಯುಸಿಯಲ್ಲಿರುವ ನಿಮ್ಮ ಮೊಮ್ಮಗಳು ಆ ಲೇಖನ ಓದಿ ಸಿಇಟಿ ಪುಸ್ತಕ ಪಕ್ಕಕ್ಕಿಟ್ಟು ಕಾದಂಬರಿ ಹಿಡಿದಳಂತೆ. ಪತ್ರ ಬರೆಯಲು ನಿಜವಾದ ಕಾರಣ ಇದೇ ಅಂತ ನನಗನ್ನಿಸಿತು. ಮೊಮ್ಮಗಳ ಮೇಲಿನ ಕಾಳಜಿಯಿಂದ ಬರೆದ ಪತ್ರ. ಅದಕ್ಕೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ದುಡ್ಡಿನ ಮಾತು ಬೇಗ ಮುಗಿಸೋಣ. 2023ರಿಂದ ಕೇಂದ್ರ ಸರ್ಕಾರದ ಜೂನಿಯರ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಸೀನಿಯರ್ ಆದಮೇಲೆ 42,000. ಇದೇ ವಿದ್ಯೆ ಕಲಿತು ಕಂಪನಿಗೆ ಸೇರಿದ ಸ್ನೇಹಿತರು ಇದಕ್ಕಿಂತ ಬಹಳ ಜಾಸ್ತಿ ದುಡಿಯುತ್ತಾರೆ. ಈ ಕೆಲಸಕ್ಕೆ ಗಂಟೆ ಹೊಡೆಯುವ ಸಮಯವೂ ಇಲ್ಲ. ಪ್ರಬಂಧ ಕಳಿಸುವ ಕೊನೇ ಗಡುವನ್ನು ಅನೇಕ ಸಮ್ಮೇಳನಗಳು ಭೂಮಿಯ ಮೇಲೆ ಎಲ್ಲಕ್ಕಿಂತ ಕಡೆಗೆ ದಿನ ಮುಗಿಯುವ ಜಾಗದ ಗಡಿಯಾರಕ್ಕೆ ಇಡುತ್ತವೆ. ನಮ್ಮಲ್ಲಿ ಅದು ಮಾರನೇ ದಿನ ಸಂಜೆ ಐದೂವರೆ. ಆ ಹಿಂದಿನ ರಾತ್ರಿ ಲ್ಯಾಬ್‌ಗಳಲ್ಲಿ ಎಷ್ಟೋ ಜನ ನಿದ್ದೆ ಮಾಡೋದಿಲ್ಲ. ಅಂಥವರು ಶನಿವಾರ ರಾತ್ರಿ ಒಂದು ಸಿನಿಮಾ ನೋಡಿದರೆ ಸರ್ಕಾರಕ್ಕೆ ಯಾವ ನಷ್ಟವೂ ಇಲ್ಲ ಮೇಷ್ಟ್ರೇ.

ಇನ್ನು ಎರಡನೇ ಪ್ರಶ್ನೆ. ಇದು ನನಗೂ ತುಂಬಾ ಮುಖ್ಯವಾದದ್ದು. ನಿಮ್ಮ ಪತ್ರ ಬಂದಮೇಲೆ ಲೇಖಕಿಗೆ ಫೋನ್ ಮಾಡಿ ಕೇಳಿದೆ.

ಮಾತನ್ನು ಕಂಪ್ಯೂಟರ್‌ಗೆ ಕೊಡುವಾಗ ಸಾಮಾನ್ಯವಾಗಿ ಸೆಕೆಂಡಿಗೆ 16,000 ಸಲ ಸದ್ದಿನ ಏರಿಳಿತ ಅಳೆದು ಅಂಕಿ ಮಾಡುತ್ತಾರೆ. ಆಮೇಲೆ ಆ ಅಂಕಿಗಳನ್ನು ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಸಣ್ಣ ತುಂಡುಗಳಾಗಿ ನೋಡುತ್ತಾ ಹೋಗುತ್ತಾರೆ. ಪ್ರತಿ ತುಂಡಿನಲ್ಲಿ ಯಾವ ಸ್ವರ, ಯಾವ ವ್ಯಂಜನ ಇರಬಹುದು ಅಂತ ಯಂತ್ರ ಅಂದಾಜು ಮಾಡುತ್ತದೆ. ನೂರು ಪದಕ್ಕೆ ಎಷ್ಟು ತಪ್ಪಿತು ಅನ್ನೋದೇ ಅಂಕ. ರಾತ್ರಿ ಯಂತ್ರಕ್ಕೆ ತರಬೇತಿ ಹಚ್ಚಿ ಬಂದರೆ ಬೆಳಗ್ಗೆ ಗೊತ್ತಾಗೋದು ಆ ಒಂದು ಅಂಕಿ. ಬಹಳ ದಿನ ಅದು ನಿನ್ನೆಗಿಂತ ಕೆಟ್ಟದಾಗಿರುತ್ತದೆ. ಯಾಕೆ ಅಂತ ಹುಡುಕಬೇಕು, ಒಂದನ್ನು ಬದಲಾಯಿಸಬೇಕು, ಮತ್ತೆ ರಾತ್ರಿ ಹಚ್ಚಬೇಕು.

ಸ್ಟುಡಿಯೋದಲ್ಲಿ ಕೂತು ಓದಿದ ಕನ್ನಡವನ್ನು ಅವರ ಯಂತ್ರ ಚೆನ್ನಾಗಿಯೇ ಬರೆಯುತ್ತದಂತೆ. ಕೋಲಾರದ ಎಪಿಎಂಸಿಗೆ ಕರೆದುಕೊಂಡು ಹೋದರೆ ಸೋಲುತ್ತದೆ. ಅಲ್ಲಿ ಟೊಮೆಟೊ ಬಾಕ್ಸ್‌ಗಳ ನಡುವೆ ಹರಾಜು ಕೂಗುವವರ ವೇಗ, ಅರ್ಧ ಕನ್ನಡ ಅರ್ಧ ತೆಲುಗು, ಹಿಂದೆ ಲಾರಿ ಹಾರ್ನ್. ಶ್ರೀನಿವಾಸಪುರದ ರೈತನೊಬ್ಬ ಫೋನ್‌ಗೆ ತನ್ನ ಮಾತಲ್ಲೇ ಪ್ರಶ್ನೆ ಕೇಳಿದರೆ ಅದು ಅರ್ಥ ಮಾಡಿಕೊಳ್ಳಬೇಕು. ಅವರು ಹಿಡಿದಿರುವ ಗುರಿ ಅದು. ಇನ್ನೂ ಮುಟ್ಟಿಲ್ಲ. ಎಲ್ಲಿ ಸೋಲುತ್ತಿದೆ ಅನ್ನೋದು ಮಾತ್ರ ಈಗ ಸ್ಪಷ್ಟವಾಗಿ ಗೊತ್ತಾಗಿದೆ.

‘ಅಷ್ಟೇನಾ?’ ಅಂತ ನೀವು ಕೇಳಬಹುದು. ನಮ್ಮ ಜಿಲ್ಲೆಯಲ್ಲೇ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. 1960ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೆಜಿಎಫ್ ಗಣಿಯೊಳಗೆ ಉಪಕರಣ ಇಟ್ಟಿದ್ದರು. ಬಾಹ್ಯಾಕಾಶದ ಕಿರಣಗಳಿಂದ ಹುಟ್ಟುವ ಮ್ಯೂಯಾನ್ ಎಂಬ ಕಣ ಎಷ್ಟು ಆಳದವರೆಗೆ ಇಳಿಯುತ್ತದೆ ಅಂತ ನೋಡುವುದು ಉದ್ದೇಶ. ಆಳಕ್ಕೆ ಹೋದಷ್ಟೂ ಕಣಗಳು ಕಡಿಮೆಯಾದವು. ಅತಿ ಆಳದಲ್ಲಂತೂ ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಕಣ ಬರಲಿಲ್ಲ. ಹೊರಗಿನವರ ಲೆಕ್ಕದಲ್ಲಿ ಎರಡು ತಿಂಗಳ ಸಂಬಳ ದಂಡ. ಅವರಿಗೆ ಮಾತ್ರ ಅದರಿಂದಲೇ ದಾರಿ ಸಿಕ್ಕಿತು. ನ್ಯೂಟ್ರಿನೊ ಅಂದರೆ ಕಲ್ಲು ಮಣ್ಣನ್ನೂ ಸಲೀಸಾಗಿ ಹಾಯ್ದು ಹೋಗುವ, ಹಿಡಿಯೋಕೆ ಬಲು ಕಷ್ಟವಾದ ಕಣ. ಬೇರೆ ಕಣಗಳ ಗದ್ದಲವೇ ಇಲ್ಲದ ಜಾಗ ಅಂದರೆ ಅದನ್ನು ಹಿಡಿಯಲು ಹೇಳಿಮಾಡಿಸಿದ ಜಾಗ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ಅವರು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಜಗತ್ತಿನಲ್ಲಿ ಅಂಥ ನ್ಯೂಟ್ರಿನೊ ಮೊದಲು ಪತ್ತೆಯಾದದ್ದು ಆ ವರ್ಷವೇ. ಚಿನ್ನದ ಕಥೆ ಎಲ್ಲರಿಗೂ ಗೊತ್ತು. ಇದನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳೋದಿಲ್ಲ ಅನ್ನೋದು ನನಗೆ ಸಂಕಟದ ವಿಷಯ.

ಆ ಎರಡು ತಿಂಗಳು ಅವರು ಏನು ಮಾಡುತ್ತಿದ್ದಿರಬಹುದು? ಉಪಕರಣ ನೋಡಿಕೊಂಡಿರುತ್ತಾರೆ, ಲೆಕ್ಕ ಬರೆದಿರುತ್ತಾರೆ. ಸಂಜೆ ಮೇಲೆ ಬಂದು ಊಟ ಮಾಡಿ ಏನಾದರೂ ಓದಿರುತ್ತಾರೆ, ಹಾಡು ಕೇಳಿರುತ್ತಾರೆ. ಸಂಶೋಧಕರ ಬದುಕಿನಲ್ಲಿ ಕಾಯುವ ಹೊತ್ತೇ ಜಾಸ್ತಿ. ಬರೀ ಬೆಳಗಿನ ಅಂಕಿಯನ್ನೇ ನಂಬಿಕೊಂಡು ಐದಾರು ವರ್ಷ ಬದುಕೋದಕ್ಕೆ ಯಾರಿಂದಲೂ ಆಗೋದಿಲ್ಲ. ಆ ಅಂಕಿ ಕೆಟ್ಟರೂ ಕೆಡದೆ ಉಳಿಯುವ ಇನ್ನೊಂದು ಏನಾದರೂ ಮನೆಯಲ್ಲಿ ಇರಬೇಕು. ನಮ್ಮ ಲೇಖಕಿಗೆ ಅದು ಪುಸ್ತಕ, ಸಂಗೀತ, ಸಿನಿಮಾ. ಆ ಲೇಖನವನ್ನು ಪ್ರಕಟಿಸಿದ್ದು ಈ ಕಾರಣಕ್ಕೆ.

ಸಂಗೀತಕ್ಕೂ ಲೆಕ್ಕಕ್ಕೂ ಸಂಬಂಧ ಕೇಳಿದಿರಿ. ಗಣಿತದ ಮೇಷ್ಟ್ರಿಗೆ ಇದನ್ನು ಹೇಳುವುದು ನನಗೆ ಖುಷಿ. ಕರ್ನಾಟಕ ಸಂಗೀತದಲ್ಲಿ 72 ಮೇಳಕರ್ತ ರಾಗಗಳು, ಅಂದರೆ ಮೂಲ ರಾಗಗಳು ಇವೆ. ಸ, ಪ ಎರಡೂ ಕದಲೋದಿಲ್ಲ. ‘ಮ’ದಲ್ಲಿ ಎರಡು ಬಗೆ. ‘ರಿ’ ಮತ್ತು ‘ಗ’ ಸೇರಿಸಲು ಆರು ರೀತಿ, ‘ದ’ ಮತ್ತು ‘ನಿ’ ಸೇರಿಸಲು ಆರು ರೀತಿ. ಎರಡು ಆರಲಿ ಹನ್ನೆರಡು, ಹನ್ನೆರಡು ಆರಲಿ ಎಪ್ಪತ್ತೆರಡು. 17ನೇ ಶತಮಾನದಲ್ಲಿ ಸಂಗೀತ ಶಾಸ್ತ್ರಜ್ಞ ವೆಂಕಟಮಖಿ ಈ ಲೆಕ್ಕ ಇಟ್ಟಾಗ ಬಳಕೆಯಲ್ಲಿದ್ದ ಮೇಳಗಳು 19 ಮಾತ್ರ. ಮಿಕ್ಕವನ್ನು ಯಾರೂ ಹಾಡುತ್ತಿರಲಿಲ್ಲ. ಆದರೂ ಲೆಕ್ಕದಲ್ಲಿ ಇವೆ ಅಂತ ಅವರು ಜಾಗ ಬಿಟ್ಟರು. ಆಮೇಲೆ ಬಂದ ವಾಗ್ಗೇಯಕಾರರು ಆ ಜಾಗ ತುಂಬಿದರು.

ರಾಗದ ಹೆಸರಲ್ಲೇ ಅದರ ಸಂಖ್ಯೆಯೂ ಇದೆ. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಪದ್ಧತಿ ನಿಮಗೆ ಗೊತ್ತೇ ಇರುತ್ತದೆ, ಮೊಮ್ಮಗಳಿಗಾಗಿ ಬರೆಯುತ್ತೇನೆ. ಹೆಸರಿನ ಮೊದಲ ಎರಡು ಅಕ್ಷರ ನೋಡಬೇಕು. ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುವ ಮಾಯಾಮಾಳವಗೌಳ ತೆಗೆದುಕೊಳ್ಳಿ. ‘ಮ’ ಅಂದರೆ 5, ‘ಯ’ ಅಂದರೆ 1. ತಿರುಗಿಸಿ ಓದಿದರೆ 15. ಅದು ಹದಿನೈದನೇ ಮೇಳ. ಧೀರಶಂಕರಾಭರಣದಲ್ಲಿ ‘ಧ’ 9, ‘ರ’ 2, ಅಂದರೆ 29. ಮೇಚಕಲ್ಯಾಣಿ 65. ಹೆಸರು ಕೇಳಿದ ತಕ್ಷಣ ಸಂಖ್ಯೆ, ಸಂಖ್ಯೆಯಿಂದ ಸ್ವರಗಳು. ಹೆಸರಿನಿಂದಲೇ ಲೆಕ್ಕ ಹಾಕಿ ಮಾಹಿತಿ ಇಟ್ಟ ಜಾಗ ಕಂಡುಕೊಳ್ಳುವ ವಿಧಾನ ಕಂಪ್ಯೂಟರ್‌ನಲ್ಲೂ ಇದೆ, ಹ್ಯಾಶಿಂಗ್ ಅಂತಾರೆ. ನಮ್ಮ ಲೇಖಕಿ ಕಾಲೇಜಿನಲ್ಲಿ ಹ್ಯಾಶಿಂಗ್ ಕಲಿತ ದಿನ ಮೊದಲು ನೆನಪಾಗಿದ್ದು ಊರಿನ ಸಂಗೀತದ ಟೀಚರಂತೆ.

ಇನ್ನು ತಮಟೆ. ‘ಬರೀ ಸದ್ದು’ ಅನ್ನುವ ಮಾತನ್ನು ಮಾತ್ರ ನಾನು ಒಪ್ಪೋದಿಲ್ಲ. 1920ರಲ್ಲೇ ಸಿ.ವಿ. ರಾಮನ್ ಸಹೋದ್ಯೋಗಿಯೊಬ್ಬರ ಜೊತೆ ‘ನೇಚರ್’ ಪತ್ರಿಕೆಗೆ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು. ನೊಬೆಲ್ ಬರುವುದಕ್ಕೆ ಹತ್ತು ವರ್ಷ ಮುಂಚೆ. ಸಾಧಾರಣ ಡೋಲಿನ ಚರ್ಮ ಬಡಿದಾಗ ಹುಟ್ಟುವ ಕಂಪನಗಳು ಒಂದಕ್ಕೊಂದು ಹೊಂದೋದಿಲ್ಲ. ಮೃದಂಗ, ತಬಲಾದ ನಡುವೆ ಹಚ್ಚುವ ಕಪ್ಪು ಲೇಪ ಅವನ್ನು ಒಂದು, ಎರಡು, ಮೂರರ ಸರಳ ಅನುಪಾತಕ್ಕೆ ತರುತ್ತದೆ. ಅದಕ್ಕೇ ಮೃದಂಗ ಶ್ರುತಿಗೆ ನಿಲ್ಲುತ್ತದೆ. ತಮಟೆಗೆ ಆ ಲೇಪ ಇಲ್ಲ. ಅದರ ಬಲ ಲಯದಲ್ಲಿದೆ. ಬಾರಿಸುವ ಮುಂಚೆ ಬೆಂಕಿಗೆ ಹಿಡಿಯುತ್ತಾರಲ್ಲ, ಚರ್ಮದ ತೇವ ಆರಿ ಬಿಗಿಯಾಗುತ್ತದೆ, ನಾದ ಮೇಲೇರುತ್ತದೆ. ಎಷ್ಟು ಕಾಯಿಸಬೇಕು ಅನ್ನೋದು ಬಾರಿಸುವವರ ಕಿವಿಗೆ ಗೊತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗಾಗಿ. ಊರ ಹೊರಗೆ ನಿಂತು ಬಾರಿಸಿದವರ ವಿದ್ಯೆಯನ್ನು ವಿದ್ಯೆ ಅಂತ ಒಪ್ಪೋದಕ್ಕೆ ನಾವು ಇಷ್ಟು ವರ್ಷ ತೆಗೆದುಕೊಂಡೆವು. ಲ್ಯಾಬ್‌ನಲ್ಲಿ ಕೂತ ನಮ್ಮ ಕಡೆಯ ಹುಡುಗಿ ಅದನ್ನು ಹುಡುಕಿ ಕೇಳುತ್ತಾಳೆ ಅಂದರೆ ನನಗೆ ಸಂತೋಷ.

ಸಿನಿಮಾ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಲೇಖಕಿ ಹೇಳಿದ ಒಂದು ವಿಷಯ ಹಿಡಿಸಿತು. ಶೂಟಿಂಗ್ ಮುಗಿದಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡುವುದು ನಮ್ಮಲ್ಲಿ ಬಹಳ ವರ್ಷದ ರೂಢಿ. ಅದಕ್ಕೇ ಸಂತೆಯ ದೃಶ್ಯದಲ್ಲೂ ನಾಯಕನ ಮಾತು ತಿಳಿಯಾಗಿ ಕೇಳುತ್ತದೆ. ಮೇಲಾಗಿ ಹಳೇ ನಟರಲ್ಲಿ ಅನೇಕರು ರಂಗಭೂಮಿಯಿಂದ ಬಂದವರು. ರಾಜ್‌ಕುಮಾರ್ ಅವರೂ ತುಮಕೂರು ಜಿಲ್ಲೆಯ ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದವರು. ಹಿಂದಿನ ಸಾಲಿಗೂ ಒಂದೊಂದು ಅಕ್ಷರ ಮುಟ್ಟಿಸಬೇಕು ಅನ್ನೋದು ಅಲ್ಲಿನ ಪಾಠ. ಆ ಮಾತು ಕೇಳುತ್ತಾ ಕೂತರೆ ಕಿವಿ ಚುರುಕಾಗುತ್ತದೆ ಅಂತಾರೆ ಅವರು. ನಾನಂತೂ ಅಷ್ಟು ಕಾರಣ ಕೇಳೋದಿಲ್ಲ. ಒಳ್ಳೇ ಸಿನಿಮಾ ನೋಡೋದಕ್ಕೆ ಅದು ಒಳ್ಳೇ ಸಿನಿಮಾ ಅನ್ನೋದೇ ಸಾಕು.

ಓದಿಗೂ ಇದೇ ಮಾತು. ನೀವು ಮುಳಬಾಗಿಲಿನವರು. ನಿಮ್ಮೂರಲ್ಲೇ ಹುಟ್ಟಿದ ಡಿ.ವಿ.ಜಿ. ರಾಜಕೀಯ ಬರೆದರು, ತತ್ವ ಬರೆದರು, ತಾವು ಕಂಡ ಕಲಾವಿದರ ನೆನಪಿಗೇ ಒಂದು ಸಂಪುಟ ಮೀಸಲಿಟ್ಟರು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಮೈಸೂರು ಸಂಸ್ಥಾನದಲ್ಲಿ ದೊಡ್ಡ ಅಧಿಕಾರಿ. ಸರ್ಕಾರದ ಕೆಲಸದಲ್ಲಿದ್ದ ವರ್ಷಗಳಲ್ಲೇ ಕಥೆ ಬರೆದರು. ಕಥೆ ಬರೆದದ್ದರಿಂದ ಕಚೇರಿ ಕೆಟ್ಟಿತು ಅಂತ ಯಾರೂ ಹೇಳಲಿಲ್ಲ. 1983ರ ಜ್ಞಾನಪೀಠವೂ ಬಂತು.

ಪತ್ರದಲ್ಲಿ ನೀವು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಶಿಸ್ತನ್ನು ನೆನಪಿಸಿದ್ದೀರಿ. ಆ ಶಿಸ್ತಿಗೆ ನಾನೂ ತಲೆಬಾಗುತ್ತೇನೆ. ಅದೇ ಜಿಲ್ಲೆಯ ಇನ್ನೊಬ್ಬರನ್ನೂ ನೆನೆಯೋಣ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ. ಓದುವುದಕ್ಕಾಗಿ ಬೆಂಗಳೂರಿಗೆ ನಡೆದುಕೊಂಡೇ ಹೋದ ಬಡವರ ಮನೆ ಹುಡುಗ. ಅಮೆರಿಕದ ಓಹಿಯೋದಲ್ಲಿ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಹಾಸ್ಟೆಲ್ ಕೋಣೆಯಲ್ಲೇ ಸರಳವಾಗಿ ಬದುಕಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ್ದು ಅವರೇ. ಸಂಗೀತ, ನೃತ್ಯ, ನಾಟಕಕ್ಕಾಗಿ ಬೆಂಗಳೂರು ಲಲಿತಕಲಾ ಪರಿಷತ್ತು ಕಟ್ಟಿದ್ದೂ ಅವರೇ. ಜಯನಗರದ ನ್ಯಾಷನಲ್ ಕಾಲೇಜಿನಲ್ಲಿರುವ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ. ವಿಜ್ಞಾನದ ಮೇಷ್ಟ್ರ ಹೆಸರು ಸಂಗೀತ ಕಛೇರಿಯ ಜಾಗಕ್ಕೆ. ಇದಕ್ಕಿಂತ ಒಳ್ಳೇ ಉತ್ತರ ನನ್ನ ಹತ್ತಿರ ಇಲ್ಲ.

ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಪರೀಕ್ಷೆ ಹತ್ತಿರ ಇದೆ, ನಿಮ್ಮ ಆತಂಕ ನ್ಯಾಯವಾದದ್ದೇ. ಕಾದಂಬರಿ ಶುರು ಮಾಡಿದರೆ ಕೈಬಿಡೋಕೆ ಆಗೋದಿಲ್ಲ, ಅದು ನಿಜ. ಹಾಗಾಗಿ ಸದ್ಯಕ್ಕೆ ಸಣ್ಣಕಥೆ ಕೊಡಿ. ರಾತ್ರಿ ಊಟ ಆದಮೇಲೆ ಅರ್ಧ ಗಂಟೆ, ಒಂದು ಕಥೆ, ಅಷ್ಟೇ. ಮಾಸ್ತಿಯವರಿಂದಲೇ ಶುರು ಮಾಡಲಿ. ಆ ಪುಸ್ತಕವನ್ನು ಮಾತ್ರ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಸಿಇಟಿ ಪುಸ್ತಕದ ಮೇಲೂ ಅವಳಿಗೆ ಸಿಟ್ಟು ಬರುತ್ತದೆ.

ಇನ್ನೊಂದು ಕೋರಿಕೆ. ನಮ್ಮ ಲೇಖಕಿಗೆ ಈ ಭಾಗದ ಹಿರಿಯರ ಮಾತಿನ ಧ್ವನಿ ಬೇಕಾಗಿದೆ. ಪುಸ್ತಕ ಓದಿದ್ದು ಬೇಡ, ಮನೆಯಲ್ಲಿ ಆಡುವ ಮಾತೇ ಆಗಬೇಕು. ಮುಂದಿನ ತಿಂಗಳು ಅವರು ಊರಿಗೆ ಬರುತ್ತಾರೆ. ನೀವು ಒಪ್ಪಿದರೆ ಮುಳಬಾಗಿಲಿಗೂ ಕಳಿಸುತ್ತೇನೆ. ಬೆಳಗ್ಗೆ ಅವರು ನಿಮ್ಮ ಮಾತು ರೆಕಾರ್ಡ್ ಮಾಡಿಕೊಳ್ಳಲಿ. ಮಧ್ಯಾಹ್ನ ನೀವೂ ಮೊಮ್ಮಗಳೂ ಅವರ ಸಂಶೋಧನೆ ಬಗ್ಗೆ ಏನು ಬೇಕಾದರೂ ಕೇಳಿ. ಯಾವ ಭಾನುವಾರ ಅನುಕೂಲ ಅಂತ ಒಂದು ಕಾರ್ಡ್ ಬರೆಯಿರಿ.

ಸಂಪಾದಕ